ಐದು ಸಲ ಮುಳುಗಿದ ಸೂರ್ಯ

ನನ್ನ ಬಾವ ಪಾಯ್ಸ್ ಅವರಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಎರಡೋ ಮೂರೋ ಇರಬಹುದು. ಅವು ಯಾವುವು ಅಂತ ಮಾತ್ರ ಅವರಿಗೆ ಗೊತ್ತಿಲ್ಲ. ಉಳಿದದ್ದೆಲ್ಲ ಗೊತ್ತುಂಟು. ಅದರಲ್ಲೂ ಸಮುದ್ರದ ವಿಷಯ ಬಂತೋ, ಬೇರೆ ಯಾರೂ ಬಾಯಿ ತೆರೆಯುವ ಹಾಗಿಲ್ಲ. ಮುಲ್ಕಿಯಲ್ಲಿ ಅವರ ಮನೆಯಿಂದ ಕಡಲಿಗೆ ಮೂರೇ ಫರ್ಲಾಂಗು. ಈ ಮೂರು ಫರ್ಲಾಂಗನ್ನು ಅವರು ಇಪ್ಪತ್ತಾರು ವರ್ಷದಿಂದ ದುಬೈಯಲ್ಲಿ ಸಿಕ್ಕಿದವರಿಗೆಲ್ಲ ಹೇಳುತ್ತಾ ಬಂದಿದ್ದಾರೆ. ಈಜು ಬರುವುದಿಲ್ಲ. ಅದು ಬೇರೆ ವಿಷಯ ಬಿಡಿ.

ಬಾವ ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ಮನೆ ಡಿಸ್ಕವರಿ ಗಾರ್ಡನ್ಸ್‌ನಲ್ಲಿ. ನನ್ನ ಅಕ್ಕ ಬೆಟ್ಟಿ ನರ್ಸು. ಮಧ್ಯಾಹ್ನ ಎರಡಕ್ಕೆ ಹೋದರೆ ರಾತ್ರಿ ಹತ್ತಕ್ಕೆ ಬರುವ ಡ್ಯೂಟಿ. ವಾರಕ್ಕೊಂದು ರಜೆ ಇಲ್ಲವಾ ಅಂತ ಕೇಳಬೇಡಿ. ಉಂಟು, ಮಂಗಳವಾರ. ಬಾವನಿಗೆ ಭಾನುವಾರ. ಗಂಡ ಹೆಂಡತಿ ಇಬ್ಬರೂ ಒಂದೇ ಸಂಜೆ ಮನೆಯಲ್ಲಿದ್ದಾರೆ ಅಂದರೆ ಇಬ್ಬರಲ್ಲಿ ಒಬ್ಬರಿಗೆ ಜ್ವರ ಅಂತಲೇ ಲೆಕ್ಕ. ಮಗಳು ಜೋಯ್ಲಿನ್‌ಗೆ ಹದಿನಾರು ವರ್ಷ. ಇನ್ನು ನಾನು, ಟ್ರೆವರ್: ಇಂಟರ್‌ನ್ಯಾಷನಲ್ ಸಿಟಿಯ ಒಂದು ರೂಮಿನಲ್ಲಿ ಮೂವರ ಜೊತೆ ಇರುವ ಬ್ರಹ್ಮಚಾರಿ, ಅಕ್ಕನ ಮೀನುಸಾರಿಗೆ ವಾರಕ್ಕೊಮ್ಮೆ ತಪ್ಪದೆ ಹಾಜರಾಗುವವ.

ಈ ಮೇ ತಿಂಗಳ ಕೊನೆಗೆ ಅವರ ಮದುವೆಗೆ ಇಪ್ಪತ್ತೈದು ತುಂಬುತ್ತಿತ್ತು. ಬಕ್ರೀದ್ ರಜೆಯೂ ಅದೇ ವಾರ ಬಂತು. ನಾನು ಊಟಕ್ಕೆ ಕೂತಿದ್ದ ದಿನವೇ ಬಾವ ಕೇಳಿದರು.

"ಬೆಟ್ಟಿ, ಎಂತ ಬೇಕು ಹೇಳು. ಬಳೆಯಾ? ಹಾಲ್ ಬುಕ್ ಮಾಡಿ ಪಾರ್ಟಿಯಾ?"

"ಬಳೆಯೂ ಬೇಡ, ಪಾರ್ಟಿಯೂ ಬೇಡ," ಅಂದಳು ಅಕ್ಕ. "ನಿಮ್ಮ ಹತ್ತಿರ ಕೂತು ಸೂರ್ಯ ಸಮುದ್ರಕ್ಕೆ ಮುಳುಗುವುದನ್ನು ಒಮ್ಮೆ ನೋಡಬೇಕು. ಮದುವೆಯಾದ ಮರುದಿನ ತೋರಿಸ್ತೇನೆ ಅಂದಿದ್ರಿ. ನೆನಪುಂಟಾ?"

ಬಾವ ತುತ್ತು ಬಾಯಿಗಿಡದೆ ಕೂತರು. ನೆನಪಿತ್ತು. ಮದುವೆಯಾದ ಮೇಲೆ ದಿನಾ ಸಂಜೆ ಸಸಿಹಿತ್ಲು ಬೀಚಿಗೆ ಕರೆದುಕೊಂಡು ಹೋಗಿದ್ದರು; ದಿನಾ ಮೋಡ. ಹನ್ನೆರಡನೆಯ ದಿನ ಬಾವನ ರಜೆ ಮುಗಿದು ವಿಮಾನ ಹತ್ತಿದರು. ಆಮೇಲೆ ಅಕ್ಕ ಇಲ್ಲಿಗೆ ಬಂದಳು, ಬಂದವಳಿಗೆ ಮಧ್ಯಾಹ್ನದ ಡ್ಯೂಟಿ ಸಿಕ್ಕಿತು. ಸಂಜೆ ಆಸ್ಪತ್ರೆಯ ಮೂರನೆಯ ಮಹಡಿಯ ಗೋಡೆ ಹತ್ತು ನಿಮಿಷ ಕಿತ್ತಳೆ ಬಣ್ಣಕ್ಕೆ ತಿರುಗುತ್ತದಂತೆ. ಅದು ಪೇಶೆಂಟುಗಳ ಬಿ.ಪಿ. ನೋಡುವ ಹೊತ್ತು. ಊರಿಗೆ ಹೋಗುವುದು ಮಗಳ ಶಾಲೆಯ ರಜೆಯಲ್ಲಿ, ಆಗ ಅಲ್ಲಿ ಮಳೆಗಾಲ. ಇಷ್ಟು ವರ್ಷದಲ್ಲಿ ಅವಳಿಗೆ ದಕ್ಕಿದ ಸೂರ್ಯಾಸ್ತ ಅಷ್ಟೇ. ಈ ಬಾರಿ ಯಾರ್ಯಾರನ್ನೋ ಕಾಡಿ ಬೇಡಿ ಎರಡು ದಿನ ರಜೆ ತೆಗೆದಿದ್ದಳು. ಎರಡೇ ದಿನ.

ತಲೆ ಸರಿಯಿರುವ ಯಾವ ಗಂಡಸಾದರೂ ಎಂತ ಮಾಡುತ್ತಿದ್ದ ಹೇಳಿ? ಡಿಸ್ಕವರಿ ಗಾರ್ಡನ್ಸ್‌ನಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ ಹೋದರೆ ಬೀಚು. ಅಲ್ಲಿ ಸೂರ್ಯ ದಿನಾ ಸಂಜೆ ಯಾರ ಅಪ್ಪಣೆಗೂ ಕಾಯದೆ ನೀರಿಗೆ ಇಳಿಯುತ್ತಾನೆ. ನಾನು ಅದನ್ನೇ ಹೇಳಿದೆ.

"ಛೇ, ಅದೊಂದು ಸಮುದ್ರವಾ?" ಅಂದರು ಬಾವ. "ಹಿಂದೆ ಐಸ್‌ಕ್ರೀಂ ಅಂಗಡಿ, ಮುಂದೆ ಜೆಟ್‌ಸ್ಕೀ. ಇಪ್ಪತ್ತೈದು ವರ್ಷ ಕಾದವಳಿಗೆ ಇಪ್ಪತ್ತು ನಿಮಿಷದ ಸಮುದ್ರ ತೋರಿಸುವುದಾ? ನಾವು ಖೋರ್‌ಫಕ್ಕಾನ್‌ಗೆ ಹೋಗುವ. ಅದು ಆಚೆ ಕರಾವಳಿ. ಬೆಟ್ಟ ಉಂಟು, ಬಂದರು ಉಂಟು, ದೋಣಿ ಉಂಟು, ಬಂಗುಡೆ ಉಂಟು. ಥೇಟ್ ನಮ್ಮೂರು!"

"ಡ್ಯಾಡ್, ಆ್ಯಕ್ಚುಯಲಿ..." ಅಂತ ಶುರು ಮಾಡಿದಳು ಜೋಯ್ಲಿನ್.

ಇಲ್ಲಿ ಒಂದು ವಿಷಯ ಹೇಳಬೇಕು. ಈ ಹುಡುಗಿ ಇಲ್ಲೇ ಹುಟ್ಟಿದವಳು. ನಮ್ಮ ಮಾತೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು 'ಡ್ಯಾಡ್, ಆ್ಯಕ್ಚುಯಲಿ' ಅಂದಳೆಂದರೆ ಮುಂದಿನ ಅರ್ಧ ನಿಮಿಷದಲ್ಲಿ ಬಾವ ಹೇಳಿದ್ದು ತಪ್ಪು ಅಂತ ಸಾಬೀತಾಗುತ್ತದೆ. ಯಾವ ತಂದೆ ಎಷ್ಟು ದಿನ ತಡೆದುಕೊಳ್ಳುತ್ತಾನೆ?

"ಸಾಕು!" ಅಂದರು ಬಾವ. "ಈ ಟ್ರಿಪ್ ಮುಗಿಯುವವರೆಗೆ ಆ್ಯಕ್ಚುಯಲಿ ಬಂದ್. ಆ ಪದ ನನ್ನ ಕಿವಿಗೆ ಬೀಳಬಾರದು."

"ಫೈನ್," ಅಂತ ಜೋಯ್ಲಿನ್ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಮುಂದೆ ನಡೆದದ್ದಕ್ಕೆಲ್ಲ ಈ ಒಂದು ಬಂದ್‌ ಕಾರಣ ಅಂತ ನಾನು ಎಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತೇನೆ.

ಅಕ್ಕ ಕೇಳಿದ್ದು ಇಬ್ಬರು ಕೂತು ನೋಡುವ ಸೂರ್ಯಾಸ್ತ. ಎರಡು ದಿನದಲ್ಲಿ ಬಾವ ಅದಕ್ಕೆ ಮೂವತ್ತನಾಲ್ಕು ಜನರನ್ನು ಸೇರಿಸಿದರು. ಮೊದಲು ಊರಲ್ಲಿರುವ ನಮ್ಮ ಅಮ್ಮನಿಗೆ ಫೋನು. ಅಮ್ಮ, ಪಾದ್ರಿಯಾಗಿರುವ ತನ್ನ ತಮ್ಮನಿಗೆ, ಅಂದರೆ ನಮ್ಮ ಫಾದರ್ ಮಾಮನಿಗೆ ಹೇಳಿದರು. ಫಾದರ್ ಮಾಮ ಸಂತೋಷಪಟ್ಟು, "ಸೂರ್ಯ ನೀರಿಗೆ ಮುಟ್ಟುವಾಗ ನಾನು ಇಲ್ಲಿಂದಲೇ ಆಶೀರ್ವಾದ ಕೊಡ್ತೇನೆ," ಅಂದರು. ಅಲ್ಲಿಂದ ಸುದ್ದಿ ಕುವೈತಿನಲ್ಲಿರುವ ಬಾವನ ತಂಗಿ ಶಾರನ್‌ಗೆ ಹೋಯಿತು. ಕುವೈತಿಗೆ ಹೋದ ಮೇಲೆ ಇನ್ನು ಕೇಳುವುದುಂಟಾ? ಬೋಟಿಮ್‌ನಲ್ಲಿ ವೀಡಿಯೊ ಕಾಲ್ ಅಂತ ತೀರ್ಮಾನವಾಯಿತು. ಆರೂವರೆಗೆ ಕಾಲ್ ಶುರು, ಎಲ್ಲರೂ ಸೇರಿ ಜಪಸರ, ಆಮೇಲೆ ಸೂರ್ಯ, ಆಮೇಲೆ ಆಶೀರ್ವಾದ, ಆಮೇಲೆ ಹಾಡು. ಅಕ್ಕ ಮದುವೆಯ ಕೆಂಪು ಸಾಡೊ ಸೀರೆ ಉಡಬೇಕು ಅಂತ ಅಮ್ಮನ ಆಜ್ಞೆ.

"ನಾನು ಇಷ್ಟೆಲ್ಲ ಕೇಳಿರಲಿಲ್ಲ," ಅಂದಳು ಅಕ್ಕ.

"ನೀನು ಕಮ್ಮಿ ಕೇಳುವವಳು ಅಂತ ನನಗೆ ಗೊತ್ತುಂಟಲ್ಲ," ಅಂದರು ಬಾವ.

ಸೂರ್ಯ ಮುಳುಗುವುದು ಏಳು ಗಂಟೆ ಎರಡು ನಿಮಿಷಕ್ಕೆ ಅಂತ ಅವರು ಪೇಪರಿನಲ್ಲಿ ನೋಡಿ ಅಂಗೈಯಲ್ಲಿ ಬರೆದುಕೊಂಡರು. ಎಷ್ಟು ಗಂಟೆಗೆ ಅಂತ ನೋಡಿದರು. ಬೇರೆ ಎಂತದೂ ನೋಡಲಿಲ್ಲ.

ಹಬ್ಬದ ಮರುದಿನ ಮಧ್ಯಾಹ್ನ ಹೊರಟೆವು. ಸೆಕೆ ಅಂದರೆ ಅಂಥಿಂಥ ಸೆಕೆಯಲ್ಲ. ಕಾರಿನ ಡಿಕ್ಕಿಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ಫೋನ್ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು, ಇಸ್ತ್ರಿ ಮಾಡಿದ ಸಾಡೊ. ನಾನು ಮ್ಯಾಪ್ ಹಾಕಲು ಹೋದೆ. "ಎಂತಕ್ಕೆ ಮಾರಾಯ?" ಅಂದರು ಬಾವ. "ಸಮುದ್ರದ ವಾಸನೆ ಹಿಡಿದು ಹೋಗುವವ ನಾನು." ರಸ್ತೆಯುದ್ದಕ್ಕೂ ಖೋರ್‌ಫಕ್ಕಾನ್ ಅಂತ ದೊಡ್ಡ ಅಕ್ಷರದ ಬೋರ್ಡು ಇದ್ದದ್ದರಿಂದ ವಾಸನೆಗೆ ಅಷ್ಟೇನೂ ಕೆಲಸ ಬೀಳಲಿಲ್ಲ. ಕೊನೆಗೆ ಬೆಟ್ಟಗಳ ನಡುವೆ ಐದು ಸುರಂಗ ಬರುತ್ತವೆ. ಪ್ರತಿ ಸುರಂಗಕ್ಕೂ ಅಕ್ಕ ಶಿಲುಬೆ ಗುರುತು ಹಾಕಿಕೊಂಡಳು. ಐದನೆಯದು ದಾಟಿ ಇಳಿದರೆ ಎದುರಿಗೆ ನೀಲಿ ಸಮುದ್ರ, ದೋಣಿ, ಹಿಂದೆ ಬೋಳು ಬೆಟ್ಟ. "ನೋಡಿದ್ಯಾ?" ಅಂತ ಬಾವ ಸ್ಟೇರಿಂಗ್ ಬಿಟ್ಟು ಎರಡೂ ಕೈ ಎತ್ತಿದರು. ಅಕ್ಕ ಆರನೆಯ ಸಲ ಶಿಲುಬೆ ಗುರುತು ಹಾಕಿದಳು.

ಸಣ್ಣ ಹೋಟೆಲಿನಲ್ಲಿ ಸಾಮಾನು ಇಟ್ಟು ಬೀಚಿನ ಎದುರಿನ ಕೆಫೆಟೇರಿಯಾಕ್ಕೆ ಚಾ ಕುಡಿಯಲು ಹೋದೆವು. ನಮ್ಮ ಮಾತು ಕೇಳಿ ಗಲ್ಲಾದಿಂದ ಒಬ್ಬರು ಎದ್ದು ಬಂದರು. "ಎಲ್ಲಿಯವರು ಮಾರಾಯ್ರೆ? ನಾನು ಉಳ್ಳಾಲ, ಕುಂಞಾಲಿ ಅಂತ. ಈ ಅಂಗಡಿಯಲ್ಲಿ ಹದಿನೆಂಟು ವರ್ಷ ಆಯ್ತು." ಹಬ್ಬದ ಬಿರಿಯಾನಿ ಮಿಕ್ಕಿದೆ, ತಿನ್ನದೆ ಹೋಗುವ ಹಾಗಿಲ್ಲ ಅಂತ ಹಟ ಹಿಡಿದರು. ಬಿರಿಯಾನಿ ತಿನ್ನುತ್ತಾ ಬಾವ ಮೂರು ಫರ್ಲಾಂಗಿನಿಂದ ಹಿಡಿದು ಫಾದರ್ ಮಾಮನವರೆಗೆ ಎಲ್ಲ ಹೇಳಿದರು.

ಕುಂಞಾಲಿಯವರ ಮುಖ ಒಂದು ನಮೂನೆ ಆಯಿತು. "ಸೂರ್ಯ ಮುಳುಗುವುದಾ? ಈ ಬೀಚಿನಲ್ಲಾ? ಅಲ್ಲ ಪಾಯ್ಸರೇ, ಒಂದು ಮಾತು..."

"ಒಳ್ಳೆ ಜಾಗ ಯಾವುದು ಅಂತ ತಾನೇ? ಅದನ್ನು ನನಗೆ ಬಿಡಿ," ಅಂದರು ಬಾವ.

"ಜಾಗದ್ದಲ್ಲ, ಕಡೆಯದ್ದು..."

"ಕಡೆಯ ನಿಮಿಷದವರೆಗೂ ಕೂರುವವರೇ ನಾವು. ಚಿಂತೆ ಬೇಡ!"

ಕುಂಞಾಲಿ ಜೋಯ್ಲಿನ್ ಕಡೆ ನೋಡಿದರು. ಜೋಯ್ಲಿನ್ ಭುಜ ಹಾರಿಸಿದಳು. ಅವರಿಬ್ಬರ ನಡುವೆ ಏನೋ ಒಂದು ಒಪ್ಪಂದವಾದ ಹಾಗೆ ನನಗೆ ಕಂಡಿತು, ಆದರೆ ಬಿರಿಯಾನಿ ಚೆನ್ನಾಗಿತ್ತು, ನಾನು ಹೆಚ್ಚು ಯೋಚಿಸಲಿಲ್ಲ.

ಆರು ಗಂಟೆಗೆ ಮರಳಿನ ಮೇಲೆ ನಮ್ಮ ವ್ಯವಸ್ಥೆ ಸಿದ್ಧವಾಯಿತು. ನೀರಿಗೆ ಮುಖ ಮಾಡಿ ಎರಡು ಕುರ್ಚಿ. ಕುರ್ಚಿಯಲ್ಲಿ ಕೆಂಪು ಸಾಡೊ ಉಟ್ಟು ಬೆವರಿನಲ್ಲಿ ಮಿಂದ ಅಕ್ಕ, ಕೋಟು ಹಾಕಿದ ಬಾವ. ಈಜಲು ಬಂದಿದ್ದ ಸಂಸಾರಗಳೆಲ್ಲ ನಿಂತು ನಿಂತು ನೋಡಿದವು. ಒಬ್ಬಳು ಅಜ್ಜಿ ಬಂದು ಅಕ್ಕನ ಸೀರೆ ಮುಟ್ಟಿ, ಮಾಷಾ ಅಲ್ಲಾ ಅಂದು ಹೋದಳು. ಅಕ್ಕನಿಗೆ ನಾಚಿಕೆಯಾದರೂ ಖುಷಿಯಾಗಿತ್ತು. ಎಷ್ಟೋ ವರ್ಷದ ಮೇಲೆ ಅವಳು ಕೈ ಕಟ್ಟಿ ಸುಮ್ಮನೆ ಕೂತದ್ದನ್ನು ನಾನು ನೋಡಿದೆ.

ಆರೂ ಹತ್ತಕ್ಕೆ ನಮ್ಮ ಮೇಲೆ ನೆರಳು ಬಿತ್ತು.

"ಮೋಡ," ಅಂದರು ಬಾವ.

ನಾನು ತಲೆಯೆತ್ತಿ ನೋಡಿದೆ. ಒಂದು ಚೂರೂ ಮೋಡವಿಲ್ಲ. ತಿರುಗಿ ನೋಡಿದೆ. ನಮ್ಮ ಬೆನ್ನ ಹಿಂದೆ, ಬೋಳು ಬೆಟ್ಟದ ತಲೆಯ ಮೇಲೆ ಅರ್ಧ ಸೂರ್ಯ.

"ಬಾವ, ಸೂರ್ಯ ಹಿಂದೆ ಉಂಟು."

"ಹಿಂದೆ ಇದ್ದರೆ ಮುಂದೆ ಬರ್ತದೆ," ಅಂದರು ಬಾವ ತಿರುಗಿಯೂ ನೋಡದೆ. "ಇನ್ನೂ ಐವತ್ತು ನಿಮಿಷ ಉಂಟಲ್ಲ."

ನಗಬೇಡಿ. ಸತ್ಯ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೂ ಅದು ಸರಿ ಅಂತಲೇ ಕಂಡಿತು. ನಾವು ಕರಾವಳಿಯವರು. ನಮಗೆ ಪಡುವಣ ಅಂದರೆ ಸಮುದ್ರ, ಸಮುದ್ರ ಅಂದರೆ ಪಡುವಣ. ಸೂರ್ಯ ಘಟ್ಟದಲ್ಲಿ ಹುಟ್ಟುತ್ತಾನೆ, ದಿನವಿಡೀ ನಡೆದು ಬಂದು ಕಡಲಿಗೆ ಬೀಳುತ್ತಾನೆ. ಅದಕ್ಕೆ ದಿಕ್ಸೂಚಿ ನೋಡುವ ಅಗತ್ಯ ನಮ್ಮ ಅಪ್ಪನಿಗೂ ಬರಲಿಲ್ಲ, ಅಜ್ಜನಿಗೂ ಬರಲಿಲ್ಲ. ಖೋರ್‌ಫಕ್ಕಾನ್‌ನಲ್ಲಿ ಸಮುದ್ರ ಇರುವುದು ಮೂಡಣದಲ್ಲಿ ಎಂಬ ವಿಷಯ ನಮ್ಮ ಮೂವರ ತಲೆಗೆ ಅಲ್ಲಿಯವರೆಗೂ ಹೋಗಿರಲಿಲ್ಲ. ಈ ದೇಶದ ಎರಡು ಕರಾವಳಿಯಲ್ಲಿ ಒಂದರಲ್ಲಿ ಸೂರ್ಯ ಸಮುದ್ರಕ್ಕೆ ಮುಳುಗುತ್ತದೆ, ಇನ್ನೊಂದರಲ್ಲಿ ಮುಳುಗುವುದಿಲ್ಲ. ಬಾವ ಆ ಮೊದಲನೆಯದರ ಪಕ್ಕದಲ್ಲೇ ಇಪ್ಪತ್ತಾರು ವರ್ಷ ಇದ್ದು, ನೂರೈವತ್ತು ಕಿಲೋಮೀಟರ್ ಕಾರು ಓಡಿಸಿ ಎರಡನೆಯದಕ್ಕೆ ಬಂದಿದ್ದರು.

ಸೂರ್ಯ ಬೆಟ್ಟದ ಹಿಂದೆ ಜಾರಿತು. ಬಾವ ನಿಧಾನಕ್ಕೆ ಎದ್ದು ಸಮುದ್ರವನ್ನು ನೋಡಿದರು, ಬೆಟ್ಟವನ್ನು ನೋಡಿದರು, ಅಂಗೈ ನೋಡಿಕೊಂಡರು. ಆಮೇಲೆ ಮಗಳನ್ನು ನೋಡಿದರು.

"ನಿನಗೆ ಗೊತ್ತಿತ್ತಾ?"

ಜೋಯ್ಲಿನ್ ಒಂದು ಕಿವಿಯ ಇಯರ್‌ಫೋನ್ ತೆಗೆದಳು. "ಐ ಕಾಂಟ್ ಸೇ ಇಟ್ ವಿದೌಟ್ ದ ವರ್ಡ್, ಡ್ಯಾಡ್."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಆರೂವರೆ. ಪರದೆಯ ತುಂಬ ಸಣ್ಣ ಸಣ್ಣ ಚೌಕದಲ್ಲಿ ಮುಖಗಳು: ಸೋಫಾದಲ್ಲಿ ಅಮ್ಮ, ಬಿಳಿ ನಿಲುವಂಗಿಯಲ್ಲಿ ಫಾದರ್ ಮಾಮ, ಕುವೈತಿನಿಂದ ಶಾರನ್, ಹಣೆ ಮಾತ್ರ ಕಾಣುವ ಚಿಕ್ಕಪ್ಪಂದಿರು. "ಸೂರ್ಯ ಎಲ್ಲಿ? ಸೂರ್ಯ ತೋರಿಸಿ!" ಅಂತ ಗದ್ದಲ.

ತಪ್ಪಾಯ್ತು ಅಂತ ಆಗಲೇ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮೂರು ಫರ್ಲಾಂಗಿನ ಮರ್ಯಾದೆಯ ಪ್ರಶ್ನೆ. "ನೀವು ಜಪ ಶುರು ಮಾಡಿ," ಅಂದರು ಬಾವ ಫೋನಿಗೆ, "ನಾವು ಇನ್ನೂ ಒಳ್ಳೆಯ ಜಾಗಕ್ಕೆ ಹೋಗ್ತಾ ಇದ್ದೇವೆ." ನಮಗೆ, "ಯಲ್ಲಾ, ಕಾರು ಹತ್ತಿ! ಬೆಟ್ಟ ದಾಟಿದರೆ ಸೂರ್ಯ ಸಿಕ್ತದೆ!"

"ಸೂರ್ಯ ಸಿಗಬಹುದು," ಅಂದಳು ಅಕ್ಕ. "ಸಮುದ್ರ?"

ಕಾರು ಬಂದ ದಾರಿಯಲ್ಲೇ ವಾಪಸು ಓಡಿತು. ಫೋನು ನನ್ನ ಕೈಯಲ್ಲಿ. ಬೆಟ್ಟದ ಸಂದಿಯಲ್ಲಿ ನಿಜವಾಗಿಯೂ ಸೂರ್ಯ ಸಿಕ್ಕಿತು. ಕೆಂಪಗೆ, ದೊಡ್ಡದಾಗಿ, ಎದುರಿಗೇ. ಬಿಸಿಲಿಗೆ ಕಾದ ಡಾಂಬರು ದೂರದಲ್ಲಿ ನೀರಿನ ಹಾಗೆ ಹೊಳೆಯುತ್ತಿತ್ತು.

"ಫೋನು ಮೇಲೆ ಹಿಡಿ ಟ್ರೆವರ್," ಅಂತ ಬಾವ ಪಿಸುಗುಟ್ಟಿದರು. "ರಸ್ತೆ ಕಾಣಬಾರದು."

"ಆಹಾ, ಎಷ್ಟು ಚಂದ!" ಅಂದಳು ಶಾರನ್ ಕುವೈತಿನಿಂದ. "ಸಮುದ್ರ ಹೇಗೆ ಹೊಳೀತಾ ಉಂಟು ನೋಡಿ! ಅಲ್ಲ ಅಣ್ಣ, ಸಮುದ್ರದಲ್ಲಿ ಲಾರಿ ಹೋಗ್ತಾ ಉಂಟಲ್ಲ?"

"ಅದು ಹಡಗು," ಅಂದರು ಬಾವ.

ಆಗಲೇ ಮೊದಲನೆಯ ಸುರಂಗ ಬಂತು. ಪರದೆ ಕತ್ತಲಾಯಿತು.

"ಮುಳುಗಿತು! ಮುಳುಗಿತು!" ಅಂತ ಚಪ್ಪಾಳೆ. ಫಾದರ್ ಮಾಮ ಗಂಟಲು ಸರಿ ಮಾಡಿಕೊಂಡು ಕೈ ಎತ್ತಿ, "ಪಿತನ, ಪುತ್ರನ, ಪವಿತ್ರಾತ್ಮನ ನಾಮದಲ್ಲಿ" ಅಂತ ಆಶೀರ್ವಾದ ಕೊಟ್ಟರು. ಎಲ್ಲರೂ ಆಮೆನ್ ಅಂದರು. ಸುರಂಗ ಮುಗಿಯಿತು. ಸೂರ್ಯ ಇದ್ದಲ್ಲೇ ಇತ್ತು.

ಚೌಕದೊಳಗಿನ ಮುಖಗಳೆಲ್ಲ ಪರದೆಗೆ ಹತ್ತಿರ ಬಂದವು.

"ಪುನಃ ಬಂತಲ್ಲ," ಅಂದಿತು ಒಂದು ಹಣೆ.

"ಅಲೆ ಅಡ್ಡ ಬಂದಿತ್ತು," ಅಂದರು ಬಾವ.

ಎರಡನೆಯ ಸುರಂಗ. ಪುನಃ ಕತ್ತಲೆ, ಪುನಃ ಚಪ್ಪಾಳೆ, ಸ್ವಲ್ಪ ಕಮ್ಮಿ. ಫಾದರ್ ಮಾಮ ಮೊದಲಿನ ಆಶೀರ್ವಾದ ಲೆಕ್ಕಕ್ಕಿಲ್ಲದಿದ್ದರೆ ಅಂತ ಇನ್ನೊಮ್ಮೆ ಕೊಟ್ಟರು. ಸುರಂಗ ಮುಗಿಯಿತು, ಸೂರ್ಯ ಹಾಜರು. ಮೂರನೆಯದಕ್ಕೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ನಾಲ್ಕನೆಯದಕ್ಕೆ ಫಾದರ್ ಮಾಮ, "ಪಾಯ್ಸ್, ನನ್ನ ನಲವತ್ತು ವರ್ಷದ ಸೇವೆಯಲ್ಲಿ ಒಂದೇ ದಂಪತಿಗೆ ಒಂದೇ ಸಂಜೆ ಇಷ್ಟು ಸಲ ಆಶೀರ್ವಾದ ಕೊಟ್ಟದ್ದಿಲ್ಲ. ನನ್ನ ಕೈ ನೋಯ್ತದೆ," ಅಂದರು. ಐದನೆಯ ಸುರಂಗದೊಳಗೆ ಅಮ್ಮನ ಸ್ವರ ಸ್ಪಷ್ಟವಾಗಿ ಬಂತು.

"ಬೆಟ್ಟಿ, ನಿಮ್ಮ ದುಬೈಯಲ್ಲಿ ಸೂರ್ಯ ದಿನಕ್ಕೆ ಎಷ್ಟು ಸಲ ಮುಳುಗ್ತದೆ?"

ಹಿಂದಿನ ಸೀಟಿನಿಂದ ಅಕ್ಕನ ಕೈ ಬಂತು. ಫೋನು ತೆಗೆದುಕೊಂಡಳು. "ಅಮ್ಮಾ, ನಾಳೆ ಮಾತಾಡ್ತೇನೆ," ಅಂದು ಕಾಲ್ ಕಟ್ ಮಾಡಿದಳು.

ಸುರಂಗದ ಹೊರಗೆ ಸೂರ್ಯ ಇರಲಿಲ್ಲ. ಬೆಟ್ಟದ ಅಂಚಿನಲ್ಲಿ ಸ್ವಲ್ಪ ಕೆಂಪು ಮಾತ್ರ ಉಳಿದಿತ್ತು. ಬಾವ ಕಾರನ್ನು ರಸ್ತೆ ಬದಿಯಲ್ಲಿ ನಿಲ್ಲಿಸಿದರು. ಗಂಟೆ ಏಳು ಕಳೆದು ಎರಡು ನಿಮಿಷ.

ನಾಲ್ವರೂ ಇಳಿದು ಬೆಟ್ಟ ನೋಡುತ್ತಾ ನಿಂತಿದ್ದಾಗ ಪೋಲೀಸ್ ಗಾಡಿ ಬಂತು. ಯುವಕ ಅಧಿಕಾರಿ ಇಳಿದು ಕೋಟು, ಸಾಡೊ, ಜೋಯ್ಲಿನ್, ನಾನು, ಎಲ್ಲರನ್ನೂ ನೋಡಿ, ಏನು ತೊಂದರೆ ಅಂತ ಕೇಳಿದ. ಬಾವ ತಮ್ಮಲ್ಲಿದ್ದ ಅರಬ್ಬಿಯನ್ನೆಲ್ಲ ಒಟ್ಟುಮಾಡಿದರು. "ಷಮ್ಸ್, ಸರ್," ಅಂತ ಸೂರ್ಯ ಮುಳುಗಿದ ಜಾಗ ತೋರಿಸಿ, "ಮದಾಮ್ ವಾಂಟ್ ಷಮ್ಸ್. ಟ್ವೆಂಟಿಫೈವ್ ಇಯರ್ಸ್," ಅಂತ ಅಕ್ಕನನ್ನು ತೋರಿಸಿದರು. ಅಧಿಕಾರಿ ಬೆಟ್ಟ ನೋಡಿದ. ಅಕ್ಕನ ಮುಖ ನೋಡಿದ. ಬಹಳ ಬೇಸರದಿಂದ, "ಷಮ್ಸ್ ಖಲಾಸ್, ಮದಾಮ್," ಅಂದ. ಆಮೇಲೆ ನಾವು ಬಂದ ದಾರಿಯ ಕಡೆ ಕೈ ಮಾಡಿ, "ಬುಕ್ರಾ," ಅಂದ. ನಾಳೆ ಅಂತ. ಗಾಡಿಯಿಂದ ಒಂದು ಡಬ್ಬಿ ಖರ್ಜೂರ ತಂದು ಅಕ್ಕನ ಕೈಗಿಟ್ಟು, ಹಬ್ಬದ ಶುಭಾಶಯ ಹೇಳಿ, ಇಲ್ಲಿ ಕಾರು ನಿಲ್ಲಿಸಬಾರದು ಅಂತಲೂ ಹೇಳಿ ಹೋದ.

ವಾಪಸು ಅದೇ ಸುರಂಗಗಳ ದಾರಿ ಹಿಡಿದೆವು. ಮೂರನೆಯದರಲ್ಲಿ ಅಕ್ಕ ಬಾಯಿ ಬಿಟ್ಟಳು.

"ನನಗೆ ತುಂಬ ಬೇಜಾರಾಯ್ತು ನೋಡಿ. ಸೂರ್ಯ ಸಿಗಲಿಲ್ಲ ಅಂತಲ್ಲ. ನಾನು ಕೇಳಿದ್ದು ನಿಮ್ಮ ಹತ್ತಿರ ಕೂರಬೇಕು ಅಂತ. ನೀವು ಇಡೀ ಊರನ್ನು ಕೂರಿಸಿದ್ರಿ. ಆ ಇಪ್ಪತ್ತು ನಿಮಿಷದ ಬೀಚೇ ನನಗೆ ಸಾಕಿತ್ತು. ಅಲ್ಲಿ ದಿನಾ ಮುಳುಗ್ತದೆ ಅಂತ ನಿಮಗೆ ಗೊತ್ತಿರಲಿಲ್ವಾ?"

ಬಾವ ಕಾರಿನ ವೇಗ ಇಳಿಸಿದರು. "ಗೋದಾಮಿಗೆ ಕಿಟಕಿ ಇಲ್ಲ ಬೆಟ್ಟಿ," ಅಂದರು. "ಒಳಗೆ ಹೋಗುವಾಗ ಬೆಳಿಗ್ಗೆ, ಹೊರಗೆ ಬರುವಾಗ ಕತ್ತಲೆ. ನಾನೂ ಇಷ್ಟು ವರ್ಷ ನೋಡಲಿಲ್ಲ. ನೀನಿಲ್ಲದೆ ಒಬ್ಬನೇ ಹೋಗಿ ಎಂತ ನೋಡುವುದು ಅಂತ ಭಾನುವಾರವೂ ಹೋಗಲಿಲ್ಲ."

ಅಕ್ಕ ಖರ್ಜೂರದ ಡಬ್ಬಿ ತೆಗೆದು ಒಂದನ್ನು ಬೀಜ ಬಿಡಿಸಿ ಹಿಂದಿನಿಂದ ಬಾವನ ಬಾಯಿಗೆ ಇಟ್ಟಳು. ನಾನು ಕಿಟಕಿಯ ಹೊರಗೆ ನೋಡಿದೆ. ಸುರಂಗದ ಗೋಡೆ ಬಿಟ್ಟರೆ ಅಲ್ಲೇನೂ ಇರಲಿಲ್ಲ.

ಕುಂಞಾಲಿ ನಮ್ಮ ಮುಖ ನೋಡಿಯೇ ನಾಲ್ಕು ಚಾ, ಪರೋಟ ತರಿಸಿದರು. ಆಮೇಲೆ ಬಾವನ ಎದುರು ಕುರ್ಚಿ ಎಳೆದು ಕೂತರು.

"ಬೇಸರ ಮಾಡ್ಬೇಡಿ ಪಾಯ್ಸರೇ. ನನ್ನ ಕತೆ ಕೇಳಿ. ಮೆಕ್ಕಾ ಇರುವುದು ಪಡುವಣಕ್ಕಲ್ವಾ, ಉಳ್ಳಾಲದಲ್ಲಿ ನಾವು ಕಡಲ ಕಡೆ ತಿರುಗಿ ನಮಾಜಿಗೆ ನಿಲ್ಲುವವರು. ಇಲ್ಲಿಗೆ ಬಂದ ವಾರ, ಸಂಜೆಯ ಮಗ್ರಿಬ್ ನಮಾಜಿನ ಹೊತ್ತಿಗೆ ಇದೇ ಬೀಚಿನಲ್ಲಿ ಚಾಪೆ ಹಾಸಿ ಕಡಲ ಕಡೆ ನಿಂತೆ. ಒಬ್ಬ ಮುದುಕ, ಮೀನು ಹಿಡಿಯುವವನು, ಬಂದು ನನ್ನ ಎರಡೂ ಭುಜ ಹಿಡಿದು ಬೆಟ್ಟದ ಕಡೆ ತಿರುಗಿಸಿ ನಿಲ್ಲಿಸಿದ. ಒಂದು ಮಾತೂ ಬೈಯಲಿಲ್ಲ. ನನಗೆ ಅವತ್ತು ಅಳು ಬಂತು. ಊರು ಇಷ್ಟು ದೂರ ಆಯ್ತಾ ಅಂತ. ನಮ್ಮವರು ಯಾರು ಬಂದರೂ ಇದೇ ತಪ್ಪು ಮಾಡುವುದು. ನಾಳೆ ಐದೂಕಾಲಿಗೆ ಬೀಚಿಗೆ ಬನ್ನಿ. ಚಾ ನಾನು ತರ್ತೇನೆ."

ಬೆಳಿಗ್ಗೆ ನಾವು ಇಳಿದು ಬರುವಾಗ ಬಾವ ಆಗಲೇ ಬೀಚಿನಲ್ಲಿದ್ದರು. ಕೋಟಿಲ್ಲ, ಲುಂಗಿ, ಬನಿಯನು. ಎರಡು ಕುರ್ಚಿಯನ್ನು ಮರಳಿನಲ್ಲಿ ಅಲುಗಾಡದ ಹಾಗೆ ಊರಿ ಕೂತಿದ್ದರು. ಬೆಟ್ಟಕ್ಕೆ ಮುಖ ಮಾಡಿ.

ಅವರನ್ನು ದೂರಿ ಏನು ಮಾಡುವುದು? ಕುಂಞಾಲಿಯವರ ಮಾತು ತಲೆಗೆ ಹೋಗಿತ್ತು. ಆದರೆ ನಿದ್ದೆಗಣ್ಣಿನಲ್ಲಿ ಎದ್ದವನ ಅಭ್ಯಾಸ ಮುಲ್ಕಿಯದೇ. ಬೆಳಿಗ್ಗೆ ಅಂದರೆ ಸೂರ್ಯ ಬೆಟ್ಟದಿಂದ ಬರಬೇಕು. ಅಕ್ಕನೂ ಹೋಗಿ ಪಕ್ಕದಲ್ಲಿ ಕೂತಳು, ಮನೆಯ ಹಳೆ ಚೂಡಿದಾರದಲ್ಲಿ. ಕುಂಞಾಲಿ ಥರ್ಮಾಸ್ ಹಿಡಿದು ಬಂದವರು ಕುರ್ಚಿ ನೋಡಿ ಅಲ್ಲೇ ನಿಂತುಬಿಟ್ಟರು.

ಬೋಳು ಬೆಟ್ಟದ ತುದಿ ಗುಲಾಬಿಯಾಯಿತು. ಆಮೇಲೆ ಇಡೀ ಬೆಟ್ಟ ಕೆಂಪಾಯಿತು. "ಬಂತು ಬೆಟ್ಟಿ, ಬಂತು!" ಅಂತ ಬಾವ ಎದ್ದು ನಿಂತರು. "ಈಗ ನೋಡು, ಆ ಸಂದಿಯಿಂದ ಬರ್ತದೆ!"

"ಡ್ಯಾಡ್..." ಅಂದಳು ಜೋಯ್ಲಿನ್. ಮುಂದಿನ ಪದವನ್ನು ಕಷ್ಟಪಟ್ಟು ನುಂಗಿದಳು.

ಬಾವ ಮಗಳ ಮುಖ ನೋಡಿದರು. ಆ ಮುಖದ ಒಂದು ಬದಿ ಕೆಂಪಗೆ ಬೆಳಗುತ್ತಿತ್ತು. "ಹೇಳು ಮಗಾ," ಅಂದರು. "ಬಂದ್ ಖಲಾಸ್."

"ಆ್ಯಕ್ಚುಯಲಿ, ಡ್ಯಾಡ್," ಅಂದಳು ಅವಳು, "ಟರ್ನ್ ಅರೌಂಡ್."

ಇಬ್ಬರೂ ತಿರುಗಿದರು. ಸೂರ್ಯ ನೀರಿನಿಂದ ಮುಕ್ಕಾಲು ಎದ್ದಿತ್ತು. ನೀರು ಮೀನುಗಾರರ ದೋಣಿಯವರೆಗೂ ಕೆಂಪಾಗಿತ್ತು. ಕಡಲಿಗೆ ಸೂರ್ಯ ಬೀಳುವುದನ್ನು ನಾವು ಹುಟ್ಟಿದಾಗಿನಿಂದ ಕಂಡವರು; ಕಡಲಿನಿಂದ ಏಳುವುದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಅಕ್ಕ ಎರಡೂ ಕೈಯಲ್ಲಿ ಬಾವನ ತೋಳು ಹಿಡಿದುಕೊಂಡಳು.

"ನಮ್ಮೂರಲ್ಲಿ ಮುಳುಗಿದ್ದೆಲ್ಲ ಇಲ್ಲಿ ಬಂದು ಏಳ್ತದಾ?" ಅಂತ ಕೇಳಿದಳು.

ನಾನು ಉತ್ತರಕ್ಕೆ ಕಾದೆ. ಮೂರು ಫರ್ಲಾಂಗು ಬರುತ್ತದೆ, ಅದರ ಹಿಂದೆ ಅವರು ಯಾವಾಗಲೂ ಹೇಳುವ ಅಜ್ಜನ ದೋಣಿಯ ಕತೆ.

"ನನಗೆ ಗೊತ್ತಿಲ್ಲ ಬೆಟ್ಟಿ," ಅಂದರು ಬಾವ.

ಕುಂಞಾಲಿ ಚಾ ಬಗ್ಗಿಸಿದರು. ನಾನು ಫೋಟೋ ತೆಗೆಯಲು ಫೋನು ಎತ್ತಿದೆ. ಅಕ್ಕ ಬೇಡ ಅಂದಳು.

ಸಂಜೆ ದುಬೈಗೆ ವಾಪಸಾದೆವು. ಅಕ್ಕನ ಎರಡು ದಿನ ಮುಗಿಯುತ್ತಾ ಬಂದಿತ್ತು, ಮರುದಿನ ಎರಡು ಗಂಟೆಗೆ ಡ್ಯೂಟಿ. ಡಿಸ್ಕವರಿ ಗಾರ್ಡನ್ಸ್‌ನ ತಿರುವು ಬಂತು. ಬಾವ ತಿರುಗಿಸಲಿಲ್ಲ. ಕಾರನ್ನು ಸ್ವಲ್ಪ ನಿಧಾನ ಮಾಡಿ, "ಜೋಯ್ಲಿನ್, ಮ್ಯಾಪ್ ಹಾಕು," ಅಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಜೋಯ್ಲಿನ್ ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ ಹೋದರು.

ಬೀಚು ಸಿಕ್ಕಿತು. ಹಿಂದೆ ಐಸ್‌ಕ್ರೀಂ ಅಂಗಡಿ, ಮುಂದೆ ಜೆಟ್‌ಸ್ಕೀ, ಎಲ್ಲ ಅವರು ಹೇಳಿದ ಹಾಗೆಯೇ. ಕುರ್ಚಿ ಡಿಕ್ಕಿಯಲ್ಲೇ ಉಳಿಯಿತು. ಬಾವ ನಾಲ್ಕು ಐಸ್‌ಕ್ರೀಂ ತಂದರು. ಎರಡನ್ನು ನನಗೂ ಜೋಯ್ಲಿನ್‌ಗೂ ಕೊಟ್ಟು, "ನೀವು ಸ್ವಲ್ಪ ಆಚೆ ಹೋಗಿ ತಿನ್ನಿ," ಅಂದರು. ಮರಳಿನ ಮೇಲೆ ಅಕ್ಕನ ಹತ್ತಿರ ಕೂತರು. ಕೂರುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡಿ, ಅಲ್ಲಿ ಸೂರ್ಯ ಇಲ್ಲ ಅಂತ ಖಾತ್ರಿ ಮಾಡಿಕೊಂಡರು.

ಬೆಳಿಗ್ಗೆ ನೀರಿನಿಂದ ಎದ್ದದ್ದು ಸಂಜೆ ನೀರಿಗೆ ಇಳಿಯಿತು. ಏಳು ಗಂಟೆಯ ಹೊತ್ತಿಗೆ ಅಂಚು ಮುಟ್ಟಿತು, ಅರ್ಧವಾಯಿತು, ಗೆರೆಯಾಯಿತು. ಅಕ್ಕನ ಐಸ್‌ಕ್ರೀಂ ಕರಗಿ ಮೊಣಕೈವರೆಗೆ ಇಳಿದಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಕತ್ತಲಾಗುವವರೆಗೂ ಅವರಿಬ್ಬರೂ ಅಲ್ಲಾಡದೆ ಕೂತಿದ್ದರು. ಜೋಯ್ಲಿನ್ ಮೂಗು ಒರೆಸಿಕೊಂಡು, ಕಣ್ಣಿಗೆ ಮರಳು ಹೋಯಿತು ಅಂತ ನನಗೆ ಸುಳ್ಳು ಹೇಳಿದಳು. ನನ್ನ ಕಣ್ಣಿಗೂ ಅದೇ ಮರಳು ಹೋಗಿತ್ತು.

ಅಷ್ಟರಲ್ಲಿ ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅಮ್ಮ. ಓಡಿಹೋಗಿ ಅಕ್ಕನ ಕೈಗೆ ಕೊಟ್ಟೆ.

"ಬೆಟ್ಟಿ," ಅಂದರು ಅಮ್ಮ ಆತಂಕದಿಂದ, "ಇವತ್ತು ಎಷ್ಟು ಸಲ ಮುಳುಗಿತು?"

ಅಕ್ಕ ಬಾವನ ಭುಜಕ್ಕೆ ಒರಗಿಕೊಂಡೇ ಹೇಳಿದಳು.

"ಒಂದೇ ಸಲ, ಅಮ್ಮಾ."